ಸರ್ಕಾರವೂ ವಿಶ್ವವಿದ್ಯಾನಿಲಯವೂ
ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳನ್ನೊಳಗೊಂಡ ಈ ಸೀಮೆಯು ಮೊದಲು, 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಒಳಪಟ್ಟಿದ್ದಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯಕ್ಕೂ 2009ರಲ್ಲಿ ದಾವಣಗೆರೆಯದಕ್ಕೂ ಸೇರಿತು. ಎಲ್ಲೆಯನ್ನು ಗೊತ್ತುಮಾಡುವುದು ಸರ್ಕಾರದ ಅಧಿಕಾರ. ನಮ್ಮ ಮಕ್ಕಳಿಗೆ ದಾವಣಗೆರೆಯು ಮೈಸೂರಿಗಿಂತ ಸಮೀಪವೂ ಹೌದು, ನನಗೆ ತಕರಾರಿಲ್ಲ.

ಪಾಠಕ್ರಮದ ಮಾತು ಬೇರೆ. 2021ರಲ್ಲಿ ಸರ್ಕಾರವು ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ತಂದಿತು; 2024ರಲ್ಲಿ ಮೂರು ವರ್ಷಕ್ಕೇ ಮರಳಿತು. ಅಣ್ಣನು ಓದಿದ ಪುಸ್ತಕವು ಅದೇ ಕಾಲೇಜಿಗೆ ಸೇರಿದ ತಮ್ಮನಿಗೆ ಒದಗದಾಯಿತು; ಬಡವರ ಮನೆಗಳಲ್ಲಿ ಇದು ಸಣ್ಣ ನಷ್ಟವಲ್ಲ. ಸರ್ಕಾರವು ಧನಸಹಾಯ ಮಾಡಲಿ, ಲೆಕ್ಕವನ್ನೂ ಕೇಳಲಿ. ಏನನ್ನು ಕಲಿಸಬೇಕೆಂಬುದನ್ನು ವಿಶ್ವವಿದ್ಯಾನಿಲಯದ ವಿದ್ಯಾವಿಷಯಕ ಪರಿಷತ್ತಿಗೆ ಬಿಡಲಿ. ಬದಲಾಯಿಸಲೇಬೇಕಾದರೆ ಒಂದು ವರ್ಷ ಮೊದಲೇ ಅಧ್ಯಾಪಕರಿಗೆ ತಿಳಿಸಬೇಕೆಂದು ನಾವು ಬರೆದು ಕೇಳಿಕೊಳ್ಳುವುದು ಯುಕ್ತವೆಂದು ತೋರುತ್ತದೆ.