ಪಲ್ಪರ್ ಮನೆಯ ಕೆಳಗಿನ ಹಳ್ಳ

ಪದವೀಧರರನ್ನು ಹಾರೈಸುವುದಕ್ಕೆ ವೇದಿಕೆಯಲ್ಲಿ ಇನ್ನೂ ಹಲವರಿದ್ದಾರೆ. ರಸಾಯನಶಾಸ್ತ್ರ ಕಲಿಸುತ್ತಲೇ ತಲೆ ನರೆತವರ ಚಿಂತೆಯೊಂದನ್ನು ಇಲ್ಲಿ ಹೇಳಲೇಬೇಕಾಗಿದೆ.

ಹಸಿರು ರಸಾಯನಶಾಸ್ತ್ರದ 12 ಸೂತ್ರಗಳನ್ನು ಪಾಲ್ ಅನಾಸ್ಟಸ್ ಮತ್ತು ಜಾನ್ ವಾರ್ನರ್ 1998ರ ತಮ್ಮ ಪುಸ್ತಕದಲ್ಲಿ ಮುಂದಿಟ್ಟರು. ತ್ಯಾಜ್ಯ ಹುಟ್ಟಿದ ಮೇಲೆ ಶುದ್ಧ ಮಾಡುವುದಕ್ಕಿಂತ ಅದು ಹುಟ್ಟದಂತೆ ನೋಡಿಕೊಳ್ಳಿ ಎನ್ನುವುದು ಮೊದಲನೆಯದು. ಹನ್ನೆರಡನ್ನೂ ತಪ್ಪಿಲ್ಲದೆ ಬರೆದ ವಿದ್ಯಾರ್ಥಿ ಪ್ರಯೋಗ ಮುಗಿಸಿ, ಉಳಿದ ಆಸಿಡ್ಡನ್ನು ಸಿಂಕಿಗೆ ಸುರಿದು ಹೋಗುತ್ತಾನೆ. ಪೇಟೆಯಿಂದ ಸಿದ್ಧ ಪ್ರಾಜೆಕ್ಟ್ ತಂದು ಹೆಸರಿನ ಹಾಳೆಯನ್ನಷ್ಟೇ ಬದಲಿಸುವವರೂ ಇದ್ದಾರೆ. ಮಲೆನಾಡಿನ ಕಳಸದ ಸುತ್ತ ಅಡಿಕೆ, ಕಾಫಿ ತೋಟಗಳ ನಡುವೆ ಬೆಳೆದ ಮಕ್ಕಳು ಹೀಗೆ ಮಾಡಿದರೆ ಸಹಿಸುವುದು ಕಷ್ಟ.

ಇಂಥ ತೋಟಗಳ ಸಮಸ್ಯೆಯ ಬೆನ್ನು ಹತ್ತಿದ ಲೆಸ್ಲಿ ಕೋಲ್ಮನ್ ಅವರನ್ನು ನೋಡಿ. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಾಗ ಮಲೆನಾಡಿನ ಅಡಿಕೆಗೆ ಕೊಳೆರೋಗದ ಕಾಟ. ಬೆಳೆಗಾರರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಕೋಲ್ಮನ್ ರೋಗದ ಮೂಲವನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದರು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದೂ ಅವರ ಕಾಲದಲ್ಲೇ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಹದ ನೋಡಲು ತೋಟದವರು ಕಬ್ಬಿಣದ ಚಾಕು ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರದೂಡುವ ಈ ಕ್ರಿಯೆ ಪಠ್ಯದಲ್ಲೂ ಇದೆ. ಆದರೆ ಆ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ವರ್ಷ ವರ್ಷವೂ ಮಣ್ಣಿನಲ್ಲಿ ಸೇರುತ್ತದೆ. ಕಲಸಿದ ದ್ರಾವಣವನ್ನು ಅದೇ ದಿನ ಬಳಸಬೇಕು. ಎಷ್ಟು ಕಲಸಿದರು, ಎಷ್ಟು ಉಳಿಯಿತು, ಉಳಿದದ್ದು ಎಲ್ಲಿಗೆ ಹೋಯಿತು? ಇಷ್ಟು ಲೆಕ್ಕ ಹಾಕಿದರೂ ಒಳ್ಳೆಯ ಪ್ರಾಜೆಕ್ಟ್ ಆಗುತ್ತದೆ.

ಕಾಫಿಯದು ಇನ್ನೂ ತುರ್ತು. ಹಣ್ಣು ಕುಯ್ದು, ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಓಡಿಸುವುದು ಹಳ್ಳಗಳು ಬಡವಾಗುವ ತಿಂಗಳುಗಳಲ್ಲಿ. ಬೀಜಕ್ಕೆ ಅಂಟಿದ ಲೋಳೆಯ ಸಕ್ಕರೆ ನೀರಿಗೆ ಸೇರಿ ಹುಳಿಯುತ್ತದೆ, ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೂ ಬಳಸಿಬಿಡುತ್ತವೆ. ಮೀನಿಗೆ ಉಸಿರಿಲ್ಲ. ಸುಣ್ಣ ಹಾಕಿ ಹುಳಿ ಕಳೆಯುವುದು, ಹೊಂಡದಲ್ಲಿ ನಿಲ್ಲಿಸುವುದು ಆಮೇಲಿನ ಮಾತು. ಕಡಿಮೆ ನೀರಿನಲ್ಲಿ ಲೋಳೆ ಉಜ್ಜಿ ತೆಗೆಯುವ ಯಂತ್ರ ಹಸಿರು ರಸಾಯನಶಾಸ್ತ್ರದ ಆ ಮೊದಲ ಸೂತ್ರಕ್ಕೆ ಹತ್ತಿರ. ಕಳಸದಲ್ಲಿ ಭದ್ರಾ ನದಿಗೆ ಬಿಟ್ಟದ್ದು ಬಾಳೆಹೊನ್ನೂರಿನ ಕಡೆಗೇ ಹರಿಯುತ್ತದೆ.

ಹಾಗಾಗಿ ಎಂ.ಎಸ್ಸಿ.ಗೆ ಹೋಗುವವರೂ ತೋಟಕ್ಕೆ ಮರಳುವವರೂ ಬರುವ ಕುಯ್ಲಿನಲ್ಲಿ ಒಂದು ಕೆಲಸ ಮಾಡಬೇಕು. ಹಳ್ಳದಲ್ಲಿ ಪಲ್ಪರ್ ಮನೆಗಿಂತ ಮೇಲೆ ಒಂದು ಬಾಟಲಿ, ಕೆಳಗೆ ಒಂದು ಬಾಟಲಿ ನೀರು ಹಿಡಿಯಿರಿ. ಗುಳ್ಳೆ ಸೇರಬಾರದು. ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನದ ಮೊದಲೆರಡು ದ್ರಾವಣಗಳನ್ನು ಹಳ್ಳದ ದಡದಲ್ಲೇ ಹಾಕಿ. ಕಾಲೇಜಿಗೆ ತಂದು ಹಾಕಿದರೆ ಅಂಕಿ ಕೆಡುತ್ತದೆ. ಫೋನಿನಲ್ಲಿ ಫೋಟೋ ತೆಗೆದರೆ ಸಾಲದು, ದಿನಾಂಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಂಕಿ ಕೆಟ್ಟದಾಗಿ ಬಂದರೆ ಮೊದಲು ತೋಟದ ಯಜಮಾನರಿಗೇ ತೋರಿಸಿ, ಎಷ್ಟು ನೀರು ಉಳಿಸಬಹುದೆಂದು ಅವರ ಜೊತೆ ಕೂತು ಲೆಕ್ಕ ಹಾಕಿ.