ತಪಾಸಣೆಯ ವೇಳೆ ಕ್ಯಾಮೆರಾ ಜೋಪಾನ
(ವಾಚನಾಲಯದಲ್ಲಿ ಮಾಡಿದ ಭಾಷಣ)



ರಜಾದಿನಗಳಲ್ಲಿ ಮದುವೆಯ ಫೋಟೋ ತೆಗೆದು ನಾಲ್ಕು ಕಾಸು ಸಂಪಾದಿಸುವವರು ನಮ್ಮಲ್ಲಿದ್ದಾರೆ. ಕಂತಿನ ಮೇಲೆ ಕೊಂಡ ಕ್ಯಾಮೆರಾ ಕಳುವಾದರೆ ಸಂಪಾದನೆ ಹೋಗುತ್ತದೆ, ಕಂತು ಮಾತ್ರ ಉಳಿಯುತ್ತದೆ.

ಮುಂಬಯಿ, ದೆಹಲಿಯಂಥ ವಿಮಾನ ನಿಲ್ದಾಣಗಳಲ್ಲಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯವರು ನಮ್ಮ ಮೈ ತಪಾಸಣೆ ಮಾಡುವಾಗ, ಕ್ಯಾಮೆರಾ ಎಕ್ಸ್-ರೇ ಯಂತ್ರದ ಆಚೆ ತುದಿಯಲ್ಲಿ ಕಾವಲಿಲ್ಲದೆ ಬಿದ್ದಿರುತ್ತದೆ. ಅಪಾಯವಿರುವುದು ಆ ಒಂದೆರಡು ನಿಮಿಷಗಳಲ್ಲಿಯೇ.

ಆದ್ದರಿಂದ ಜೇಬಿನ ನಾಣ್ಯ, ಬೀಗದಕೈಗಳನ್ನು ಮೊದಲೇ ಚೀಲದಲ್ಲಿಡಿ. ನಿಮ್ಮ ಸರದಿ ಬಂದ ಮೇಲೆಯೇ, ಎಲ್ಲಕ್ಕೂ ಕೊನೆಗೆ, ಕ್ಯಾಮೆರಾದ ಟ್ರೇಯನ್ನು ಒಳಗೆ ಬಿಡಿ. ಜೊತೆಗಾರರಿದ್ದರೆ ಒಬ್ಬರು ಮೊದಲು ದಾಟಿ ಆಚೆ ನಿಲ್ಲಲಿ. ಚೀಲಕ್ಕೆ ಬಣ್ಣದ ದಾರ ಕಟ್ಟಿ. ತಮ್ಮದೆಂದು ತಪ್ಪಿ ಒಯ್ಯುವವರೂ ಉಂಟು. ಕ್ಯಾಮೆರಾದ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ವಸ್ತು ಕಾಣದಿದ್ದರೆ ಅಲ್ಲಿಂದ ಕದಲದೆ ಅಧಿಕಾರಿಗೆ ತಿಳಿಸಿ. ಕಣ್ಗಾವಲು ಕ್ಯಾಮೆರಾದಲ್ಲಿ ಒಯ್ದವರ ಗುರುತು ಸಿಕ್ಕೀತು. ವಿಮಾನ ಹಾರಿದ ಮೇಲೆ ಹುಡುಕುವುದು ಕಷ್ಟ.