ಹಳ್ಳಿಕಾರ್ ಎತ್ತಿನ ಮೈಯೊಳಗಿನ ದಾಸ್ತಾನು



ಕಬ್ಬು ಹೇರಿದ ಗಾಡಿ ಪಾಂಡವಪುರದ ಕಡೆ ದಿಣ್ಣೆ ಏರುವಾಗ ಹಳ್ಳಿಕಾರ್ ಜೋಡಿಯನ್ನು ನೋಡಿ. ಕುತ್ತಿಗೆ ತಗ್ಗಿಸಿ, ಗೊರಸು ಊರಿ, ನೊಗಕ್ಕೆ ಹೆಗಲು ಕೊಟ್ಟು ಜಗ್ಗುತ್ತವೆ. ಗಾಡಿಯಲ್ಲಿರುವುದೂ ಸಕ್ಕರೆ, ಆ ಸ್ನಾಯುಗಳಲ್ಲಿ ಉರಿಯುವುದೂ ಸಕ್ಕರೆ. ಕಬ್ಬು ಅದನ್ನು ರಸದಲ್ಲೇ ಕರಗಿಸಿಡುತ್ತದೆ. ಎತ್ತಿನ ಜೀವಕೋಶ ಹಾಗೆ ಮಾಡಿದರೆ ನೀರೆಳೆದು ಉಬ್ಬಿಹೋದೀತು. ಅದಕ್ಕೇ ಸಾವಿರಾರು ಗ್ಲೂಕೋಸ್ ಕಣಗಳನ್ನು ಕವಲುಕವಲಾಗಿ ಹೆಣೆದು ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಇಟ್ಟುಕೊಳ್ಳುತ್ತದೆ. ಇದೇ ಗ್ಲೈಕೊಜೆನ್.

ಈ ಹೆಸರು ಹುಟ್ಟುವ ಮೊದಲೇ ನಮ್ಮ ಸೀಮೆ ಅದರ ಬಲ ಕಂಡಿತ್ತು. ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ ಕಟ್ಟಿದರು. ಟಿಪ್ಪು ಅದನ್ನು ಅಮೃತ ಮಹಲ್ ಎಂದು ಕರೆದ. ಆ ಎತ್ತುಗಳ ಬಲದಿಂದ ಹೈದರನ ಸೇನೆ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತೆಂದು ಮೈಸೂರಿನ ಗೆಜೆಟಿಯರ್ ದಾಖಲಿಸಿದೆ.

ಸಕ್ಕರೆ ತಯಾರಿಸುವುದು ಗಿಡಗಳ ಕೆಲಸ, ಪ್ರಾಣಿಗಳದ್ದಲ್ಲ ಎಂದು ಯುರೋಪಿನ ಪಂಡಿತರು ಆಗ ನಂಬಿದ್ದರು. 1855ರಲ್ಲಿ ಪ್ಯಾರಿಸ್ಸಿನ ಕ್ಲೋಡ್ ಬರ್ನಾರ್ ಯಕೃತ್ತೊಂದಕ್ಕೆ ನೀರು ಹಾಯಿಸಿ, ಸಕ್ಕರೆಯೆಲ್ಲ ಹೋಗುವಂತೆ ತೊಳೆದಿಟ್ಟ. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ! ಒಳಗೆಲ್ಲೋ ದಾಸ್ತಾನಿದೆ ಎಂದು ಹುಡುಕಿ, 1857ರಲ್ಲಿ ಗ್ಲೈಕೊಜೆನ್ನನ್ನು ಬೇರ್ಪಡಿಸಿದ. ನನ್ನ ಮಟ್ಟಿಗೆ ಶರೀರಶಾಸ್ತ್ರದಲ್ಲಿ ಇಷ್ಟು ಸರಳವಾದ, ಇಷ್ಟು ದೊಡ್ಡ ಪ್ರಯೋಗ ಇನ್ನೊಂದಿಲ್ಲ. ಗ್ಲೈಕೊಜೆನ್ ಒಡೆಯುವ ಬಗೆಯನ್ನು ತಿಳಿಸಿದ ಗರ್ಟಿ ಮತ್ತು ಕಾರ್ಲ್ ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಬಂತು.

ಯಕೃತ್ತು ತನ್ನ ದಾಸ್ತಾನನ್ನು ರಕ್ತದ ಮೂಲಕ ಮೈಗೆಲ್ಲ ಹಂಚುತ್ತದೆ. ಸ್ನಾಯುವಿನದು ಆ ಸ್ನಾಯುವಿಗಷ್ಟೇ. ಮಟ್ಟಸ ದಾರಿಯಲ್ಲಿ ನಿಧಾನ ನಡೆವಾಗ ಕೊಬ್ಬಿನ ಆಸರೆ ಸಾಕು. ದಿಣ್ಣೆಯಲ್ಲಿ, ಕೆಸರಿನಲ್ಲಿ ಜಗ್ಗುವಾಗ ಗ್ಲೈಕೊಜೆನ್ ಬೇಗ ಬರಿದಾಗುತ್ತದೆ.

ಮರಳಿ ತುಂಬುವುದು ಮಾತ್ರ ನಿಧಾನ. ನಾಗಮಂಗಲದ ಹೊಲದ ರಾಗಿಹುಲ್ಲು ತಿಂದರೂ, ಹುರುಳಿ ತಿಂದರೂ ಎತ್ತಿಗೆ ಕರುಳಿನಿಂದ ನೇರ ಸಿಗುವ ಗ್ಲೂಕೋಸ್ ಅತ್ಯಲ್ಪ. ಮೇವನ್ನು ಮೊದಲು ಹೊಟ್ಟೆಯ ಸೂಕ್ಷ್ಮಜೀವಿಗಳು ಆಮ್ಲಗಳಾಗಿ ಒಡೆಯಬೇಕು, ಅವುಗಳಲ್ಲೊಂದಾದ ಪ್ರೊಪಿಯೋನಿಕ್ ಆಮ್ಲದಿಂದ ಯಕೃತ್ತು ಗ್ಲೂಕೋಸ್ ತಯಾರಿಸಬೇಕು. ಬರಿದಾದ ಸ್ನಾಯು ಒಂದು ರಾತ್ರಿಯಲ್ಲಿ ತುಂಬದು, ದಿನಗಳೇ ಬೇಕು.

ಬೇಬಿ ಬೆಟ್ಟದ ಜಾತ್ರೆಯಿಂದಲೋ ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಯಿಂದಲೋ ಜೋಡಿ ಹೊಡೆದುಕೊಂಡು ಬರುವ ರೈತಬಂಧುಗಳೇ, ದಾರಿ ಸವೆಸಿ ಬಂದ ಎತ್ತುಗಳನ್ನು ಮಾರನೇ ಬೆಳಗ್ಗೆಯೇ ಏರಿಗೆ ಕಟ್ಟಬೇಡಿ. ಕೆಲವು ದಿನ ನೆರಳು, ನೀರು, ಹೊಟ್ಟೆ ತುಂಬ ಮೇವು ಕೊಡಿ.